ಸಿ ತುಂಬಿದೆ, ಡಿ ಖಾಲಿ: ಲ್ಯಾಪ್‌ಟಾಪ್ ಪಾರ್ಟಿಷನ್ ಗೋಜಲು ಬಿಡಿಸಿ ವಿಂಡೋಸ್ ಹೊಸದಾಗಿ ಹಾಕುವ ಪೂರ್ತಿ ವಿಧಾನ

ಹುಬ್ಬಳ್ಳಿಯ ಯಾವುದೇ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಈ ಮಾತು ಕಿವಿಗೆ ಬೀಳುತ್ತದೆ: “ಸಿ ಡ್ರೈವ್ ಫುಲ್ ಆಗೇತ್ರಿ, ಡಿ ಪೂರಾ ಖಾಲಿ ಐತಿ. ಏನ್ ಮಾಡ್ಬೇಕ್ರಿ?” ಉತ್ತರವೂ ಸಿದ್ಧವಿರುತ್ತದೆ: “ಫಾರ್ಮ್ಯಾಟ್ ಹೊಡದ್ರ ಆತ್ರಿ. ಡಿ ಒಳಗಿಂದಕ್ಕ ಏನೂ ಆಗಂಗಿಲ್ಲ.”

ಈ ಉತ್ತರದ ಮೊದಲ ಅರ್ಧ ಎಷ್ಟೋ ಸಲ ಸರಿ. ಎರಡನೇ ಅರ್ಧ ನಂಬಿಕೊಂಡವರೇ ಮದುವೆ ಫೋಟೊ, ಕಾಲೇಜ್ ಪ್ರಾಜೆಕ್ಟ್, ಅಂಗಡಿ ಲೆಕ್ಕ ಕಳೆದುಕೊಳ್ಳುವುದು. ಪಾರ್ಟಿಷನ್ ಎಂದರೆ ಒಂದೇ ಹೊಲದ ನಡುವೆ ಹಾಕಿದ ಬದು ಇದ್ದ ಹಾಗೆ. ಬದು ಹಾಕಿದ ಮಾತ್ರಕ್ಕೆ ಹೊಲ ಎರಡಾಗುವುದಿಲ್ಲ. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಸಿ, ಡಿ, ಇ ಎಲ್ಲವೂ ಆ ಡಿಸ್ಕ್‌ನ ಮೇಲೇ ಇವೆ. ಡಿಸ್ಕ್ ಕೆಟ್ಟರೆ ಎಲ್ಲವೂ ಹೋಗುತ್ತವೆ. ಇನ್‌ಸ್ಟಾಲ್ ಮಾಡುವಾಗ ತಪ್ಪು ಸಾಲಿನ ಮೇಲೆ ಡಿಲೀಟ್ ಒತ್ತಿದರೂ ಹೋಗುತ್ತವೆ. ಹಾಗಾಗಿ ಡಿ ಡ್ರೈವ್ ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪ್‌ನ ಹೊರಗೆ ಇದ್ದದ್ದು ಮಾತ್ರ ಬ್ಯಾಕಪ್.

ಡಿಸ್ಕ್ ಹೀಗೆ ತುಂಡು ಮಾಡುವ ರೂಢಿ ಬಂದದ್ದು ಹಾರ್ಡ್ ಡಿಸ್ಕ್ ಕಾಲದಲ್ಲಿ. ಆಗ ವಿಂಡೋಸ್ ಆಗಾಗ ಕೆಡುತ್ತಿತ್ತು. ಸಿ ಒಂದನ್ನೇ ಅಳಿಸಿ ಮತ್ತೆ ಹಾಕಿದರೆ ಉಳಿದದ್ದು ಉಳಿಯುತ್ತಿತ್ತು. 500 ಜಿಬಿ ಡಿಸ್ಕ್‌ನಲ್ಲಿ ಸಿ ಗೆ 100 ಕೊಟ್ಟು, ಉಳಿದದ್ದನ್ನು ಡಿ, ಇ, ಎಫ್ ಮಾಡುವುದಕ್ಕೆ ಅರ್ಥವಿತ್ತು. ಈಗ 256 ಜಿಬಿ ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೂ ಅದೇ ಲೆಕ್ಕದಲ್ಲಿ ಸಿ ಗೆ 80 ಕೊಟ್ಟು ಕಳಿಸುತ್ತಾರೆ. ವಿಂಡೋಸ್ 11, ಅದರ ಅಪ್‌ಡೇಟ್, ಆಫೀಸ್, ವಾಟ್ಸಾಪ್ ಫೈಲ್‌ಗಳು ಸೇರಿದರೆ ಆ 80 ಎಷ್ಟು ದಿನ ಸಾಕಾದೀತು? ಹೊಸದಾಗಿ ಹಾಕುವವರಿಗೆ ನನ್ನ ಸಲಹೆ ಇಷ್ಟೇ: ಒಂದೇ ಎಸ್‌ಎಸ್‌ಡಿ ಇದ್ದರೆ ಒಂದೇ ಸಿ ಇಟ್ಟುಕೊಳ್ಳಿ. ಮನೆಯೊಳಗೆ ಗೋಡೆ ಬೇಕಾದರೆ ಫೋಲ್ಡರ್ ಮಾಡಿ.

ಮೊದಲು ತೊಂದರೆ ಯಾವುದು ನೋಡಿ

ಎಲ್ಲ ತೊಂದರೆಗೂ ವಿಂಡೋಸ್ ಹೊಸದಾಗಿ ಹಾಕಬೇಕಿಲ್ಲ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಎಂದು ಸಾಲಾಗಿ ಕಾಣುತ್ತವೆ. ಮೊಬೈಲ್‌ನಲ್ಲಿ ಇದರ ಒಂದು ಫೋಟೊ ತೆಗೆದಿಡಿ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಸಿ ತುಂಬಿದ್ದು, ಅದರ ಬಲಕ್ಕೆ ಅಂಟಿಕೊಂಡೇ ಡಿ ಇದ್ದರೆ ಸುಲಭ. ಡಿ ಯಲ್ಲಿರುವುದನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಡಿ ಯನ್ನು ಡಿಲೀಟ್ ಮಾಡಿ. ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ. ಕೆಲಸ ಮುಗಿಯಿತು. ಎಕ್ಸ್‌ಟೆಂಡ್ ಮಸುಕಾಗಿ ಕಂಡರೆ ಎಷ್ಟೋ ಸಲ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ರಿಪೇರಿಗೆಂದು ಇಟ್ಟ ಸಣ್ಣ ತುಂಡು) ಕೂತಿರುತ್ತದೆ. ವಿಂಡೋಸ್‌ನ ಈ ಸಲಕರಣೆ ಪಕ್ಕದಲ್ಲೇ ಖಾಲಿ ಜಾಗ ಇದ್ದರೆ ಮಾತ್ರ ಹಿಗ್ಗಿಸುತ್ತದೆ. ನಡುವೆ ಏನಾದರೂ ಇದ್ದರೆ ದಾಟುವುದಿಲ್ಲ.

ಸದ್ಯಕ್ಕೆ ಜಾಗ ಬೇಕು, ಅಷ್ಟೇ ಎನ್ನುವವರು ಡೌನ್‌ಲೋಡ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಲೊಕೇಶನ್ ಟ್ಯಾಬ್‌ನಲ್ಲಿ ಅದನ್ನು ಡಿ ಗೆ ಸರಿಸಬಹುದು. ಹೈಬರ್ನೇಶನ್ (ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಲ್ಯಾಪ್‌ಟಾಪ್ ಆಫ್ ಮಾಡುವ ಸೌಲಭ್ಯ) ಬಳಸದಿದ್ದರೆ ಅದನ್ನು ಆಫ್ ಮಾಡಿ. ಅದರ ಫೈಲ್ ಹಲವು ಜಿಬಿ ತಿನ್ನುತ್ತದೆ.

ವಿದ್ಯಾನಗರದ ಹಾಸ್ಟೆಲ್‌ಗಳಲ್ಲಿ, ಧಾರವಾಡದ ಪಿಜಿಗಳಲ್ಲಿ ಇರುವ ಇಂಜಿನಿಯರಿಂಗ್ ಹುಡುಗರ ತೊಂದರೆ ಬೇರೆ. ಲ್ಯಾಬ್ ಕೆಲಸಕ್ಕೆ ವಿಂಡೋಸ್ ಪಕ್ಕದಲ್ಲೇ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿರುತ್ತಾರೆ. ಸೆಮಿಸ್ಟರ್ ಮುಗಿದ ಮೇಲೆ ವಿಂಡೋಸ್‌ನಿಂದ ಆ ಪಾರ್ಟಿಷನ್ ಅಳಿಸುತ್ತಾರೆ. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ಗ್ರಬ್ ಎಂಬ ಪದ. ಅದು ಉಬುಂಟುವನ್ನು ಶುರು ಮಾಡುವ ಸಣ್ಣ ಸಾಫ್ಟ್‌ವೇರ್. ಇದಕ್ಕೆ ಫಾರ್ಮ್ಯಾಟ್ ಬೇಡವೇ ಬೇಡ. ಬಯೋಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮೊದಲು ನಡೆಯುವ ಮೂಲ ವ್ಯವಸ್ಥೆ) ಒಳಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದರೆ, ಯುಇಎಫ್ಐ (ಬಯೋಸ್‌ನ ಹೊಸ ರೂಪ) ಇರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ಮೊದಲಿನಂತೆ ತೆರೆಯುತ್ತದೆ.

ಡಿ ಮೇಲೆ ಕ್ಲಿಕ್ ಮಾಡಿದರೆ “ಫಾರ್ಮ್ಯಾಟ್ ಮಾಡಬೇಕು” ಎಂದು ಕೇಳುತ್ತಿದೆಯಾ? ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ರಾ, ಅಂದರೆ ಒಳಗಿರುವುದನ್ನು ವಿಂಡೋಸ್ ಓದಲಾಗುತ್ತಿಲ್ಲ, ಎಂದು ತೋರಿಸುತ್ತಿದೆಯಾ? ಹಾಗಾದರೆ ಅಲ್ಲಿಗೇ ಕೈ ನಿಲ್ಲಿಸಿ. ಹೌದು ಅನ್ನಬೇಡಿ, ಹೊಸದೇನನ್ನೂ ಅದರ ಮೇಲೆ ಬರೆಯಬೇಡಿ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಕಳೆದುಹೋದ ಪಾರ್ಟಿಷನ್ ಹುಡುಕಿಕೊಡುತ್ತದೆ. ಅದರ ಜೊತೆಗೇ ಬರುವ ಫೋಟೊರೆಕ್ ಫೈಲ್‌ಗಳನ್ನು ಹೆಕ್ಕಿ ತೆಗೆಯುತ್ತದೆ. ಹೆಕ್ಕಿದ್ದನ್ನು ಬೇರೆ ಡಿಸ್ಕ್‌ನಲ್ಲೇ ಉಳಿಸಬೇಕು. ಡೇಟಾ ಕೈಗೆ ಬಂದ ಮೇಲಷ್ಟೇ ಉಳಿದ ಮಾತು.

ಇನ್ನು ಹೊಸದಾಗಿ ಹಾಕುವುದೇ ಒಳ್ಳೆಯದು ಅನ್ನಿಸುವ ಸಂದರ್ಭಗಳು. ಪಾರ್ಟಿಷನ್‌ಗಳ ಲೆಕ್ಕ ಇಡುವ ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್‌ನಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್ ಮಾತ್ರ ಹಿಡಿಸುತ್ತವೆ. ಐದನೆಯದು ಮಾಡಲು ಹೋದಾಗ ವಿಂಡೋಸ್ ಅದನ್ನು ಡೈನಾಮಿಕ್ ಡಿಸ್ಕ್ (ವಿಂಡೋಸ್‌ನದ್ದೇ ಬೇರೊಂದು ಪಾರ್ಟಿಷನ್ ಪದ್ಧತಿ) ಮಾಡಲೇ ಎಂದು ಕೇಳುತ್ತದೆ. ಏನೆಂದು ಓದದೆ ಯೆಸ್ ಒತ್ತಿದವರು ತುಂಬ ಜನ. ಮುಂದೆ ಅಂಥ ಡಿಸ್ಕ್ ಮೇಲೆ ವಿಂಡೋಸ್ ಹಾಕಲು ಹೋದರೆ ಸೆಟಪ್ ಒಪ್ಪುವುದಿಲ್ಲ. ಅಪ್‌ಡೇಟ್ ಮಾಡುವಾಗ ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ ಎಂಬ ಸಂದೇಶ ಬರುವುದು ಬೂಟ್ ಫೈಲ್‌ಗಳ ಜಾಗ ಸಾಲದಿದ್ದಾಗ. 2024ರ ಜನವರಿಯ ಒಂದು ವಿಂಡೋಸ್ 10 ಅಪ್‌ಡೇಟ್ ಬಹಳ ಕಡೆ 80070643 ಎಂದು ಕೊನೆಯಾಗುವ ಎರರ್ ಕೊಟ್ಟು ನಿಂತಿತು. ಅದಕ್ಕೂ ಕಾರಣ ರಿಕವರಿ ಪಾರ್ಟಿಷನ್ ಚಿಕ್ಕದಾಗಿದ್ದದ್ದು. ಇವನ್ನೆಲ್ಲ ಒಂದೊಂದಾಗಿ ಸರಿಪಡಿಸಲು ಸಾಧ್ಯ, ನಿಜ. ಆದರೆ ನಾಲ್ಕಾರು ವರ್ಷ ಹಳೆಯ ವಿಂಡೋಸ್ ಆಗಿದ್ದರೆ ಪೂರ್ತಿ ಅಳಿಸಿ ಹಾಕುವುದೇ ಕಡಿಮೆ ತಲೆನೋವು.

ಸೆಟ್ಟಿಂಗ್ಸ್‌ನಲ್ಲಿರುವ ರಿಸೆಟ್ ದಿಸ್ ಪಿಸಿ ಒತ್ತಿದರೆ ಸಾಲದಾ ಎಂದು ಕೇಳುವವರಿದ್ದಾರೆ. ಸಾಲದು. ರಿಸೆಟ್ ವಿಂಡೋಸ್ ಅನ್ನು ಹೊಸದು ಮಾಡುತ್ತದೆ, ಪಾರ್ಟಿಷನ್‌ಗಳ ಅಳತೆ ಹಾಗೇ ಬಿಡುತ್ತದೆ. 80 ಜಿಬಿ ಸಿ ಇದ್ದದ್ದು 80 ಜಿಬಿಯೇ ಇರುತ್ತದೆ.

ಮತ್ತೊಂದು ಪರೀಕ್ಷೆ ಬಿಡಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಗುಡ್ ಎಂದಿದ್ದರೆ ಮುಂದುವರಿಯಿರಿ. ಕಾಷನ್ ಅಥವಾ ಬ್ಯಾಡ್ ಎಂದಿದ್ದರೆ ಡಿಸ್ಕ್ ಸಾಯುತ್ತಿದೆ. ಅದರ ಮೇಲೆ ಎಷ್ಟು ಸಲ ವಿಂಡೋಸ್ ಹಾಕಿದರೂ ದುಡ್ಡು ದಂಡ. ಡೇಟಾ ತೆಗೆದುಕೊಂಡು ಡಿಸ್ಕ್ ಬದಲಿಸಿ. ಪದೇ ಪದೇ “ವಿಂಡೋಸ್ ಕರಪ್ಟ್ ಆಗೇತಿ” ಎಂದು ಫಾರ್ಮ್ಯಾಟ್ ಆಗುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಪರೀಕ್ಷೆಯನ್ನೇ ಮೊದಲು ಮಾಡಬೇಕು.

ಬ್ಯಾಕಪ್: ಅರ್ಧ ಕೆಲಸ ಇಲ್ಲೇ ಇದೆ

ಹೊರಗಿನ ಹಾರ್ಡ್ ಡಿಸ್ಕ್ ಒಂದು ಬೇಕು. ಡೇಟಾ ಕಡಿಮೆ ಇದ್ದರೆ ದೊಡ್ಡ ಪೆನ್‌ಡ್ರೈವ್ ಆದರೂ ನಡೆಯುತ್ತದೆ. ಡಿ ಯಲ್ಲಿರುವುದನ್ನು ಎಲ್ಲರೂ ನೆನಪಿಟ್ಟು ಕಾಪಿ ಮಾಡುತ್ತಾರೆ. ಮರೆಯುವುದು ಸಿ ಒಳಗಿನದ್ದನ್ನು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಸಿ ಯಲ್ಲೇ ಯೂಸರ್ಸ್ ಎಂಬ ಫೋಲ್ಡರ್ ಒಳಗೆ ನಿಮ್ಮ ಹೆಸರಿನಲ್ಲಿ ಇರುತ್ತವೆ. ಆ ಹೆಸರಿನ ಫೋಲ್ಡರ್ ಪೂರ್ತಿ ಕಾಪಿ ಮಾಡುವುದು ಸುರಕ್ಷಿತ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ನಿಮ್ಮ ಅಕೌಂಟ್‌ಗೆ ಸಿಂಕ್ ಆಗಿವೆಯಾ ನೋಡಿ.

ಈಗ ನಮ್ಮ ಕಡೆಯ ಕೆಲಸಗಳಿಗೆ ಸಂಬಂಧಪಟ್ಟ ವಿಷಯ. ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಹಿಡಿದು ಹುಬ್ಬಳ್ಳಿಯ ಎಪಿಎಂಸಿವರೆಗೆ ಲೆಕ್ಕ ಬರೆಯುವುದು ಜಾಸ್ತಿ ಟ್ಯಾಲಿಯಲ್ಲೇ. ಟ್ಯಾಲಿ ಡೇಟಾ ಎಲ್ಲಿದೆ ಎಂದು ಊಹೆ ಮಾಡಬೇಡಿ. ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಪಾತ್ ಬರೆದಿರುತ್ತದೆ. ಕೆಲವರದು ಸಿ ಯಲ್ಲಿ, ಕೆಲವರದು ಡಿ ಯಲ್ಲಿ, ಕೆಲವರದು ಹಳೆ ವರ್ಷದ್ದು ಒಂದು ಕಡೆ ಹೊಸ ವರ್ಷದ್ದು ಇನ್ನೊಂದು ಕಡೆ. ಆ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಟ್ಯಾಲಿಯ ಒಳಗಿನಿಂದಲೂ ಒಂದು ಬ್ಯಾಕಪ್ ತೆಗೆಯಿರಿ. ಜೊತೆಗೆ ಲೈಸೆನ್ಸ್ ಸರೆಂಡರ್ ಮಾಡುವುದನ್ನು, ಅಂದರೆ ಈ ಕಂಪ್ಯೂಟರ್‌ನಿಂದ ಅದನ್ನು ಬಿಡಿಸುವುದನ್ನು, ಮರೆಯಬೇಡಿ. ಸರೆಂಡರ್ ಮಾಡದೆ ಅಳಿಸಿದರೆ ಹೊಸ ವಿಂಡೋಸ್‌ನಲ್ಲಿ ಲೈಸೆನ್ಸ್ ಹಾಕುವಾಗ ತಕರಾರು ಬರಬಹುದು.

ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಡಿಟಿಪಿ ಮಾಡುವವರಿಗೆ ಫಾಂಟ್‌ಗಳೇ ಬಂಡವಾಳ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರಗಳನ್ನು ಹೊಸ ವಿಂಡೋಸ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಸಿ ಯ ವಿಂಡೋಸ್ ಫೋಲ್ಡರ್‌ನಲ್ಲಿರುವ ಫಾಂಟ್ಸ್ ಫೋಲ್ಡರ್ ಇಡೀ ಕಾಪಿ ಮಾಡಿಟ್ಟುಕೊಳ್ಳಿ.

ಗ್ರಾಮ ಒನ್ ಕೇಂದ್ರ ನಡೆಸುವವರು ಬೆರಳಚ್ಚು ಸ್ಕ್ಯಾನರ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್‌ಗಳ ಡ್ರೈವರ್ ಫೈಲ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಬೇಕು. ಕೇಂದ್ರದ ಮುಂದೆ ಜನ ನಿಂತಾಗ ಡ್ರೈವರ್ ಹುಡುಕುವುದು ಯಾರಿಗೆ ಬೇಕು?

ವಿಂಡೋಸ್ ತೆರೆಯುತ್ತಲೇ ಇಲ್ಲ, ಬ್ಯಾಕಪ್ ಹೇಗೆ ತೆಗೆಯಲಿ? ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು ಪೆನ್‌ಡ್ರೈವ್ ಮಾಡಿಕೊಂಡು, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಉಬುಂಟು ಆರಿಸಿ. ನಿಮ್ಮ ಡ್ರೈವ್‌ಗಳು ಫೋಲ್ಡರ್‌ಗಳಂತೆ ಕಾಣುತ್ತವೆ, ಹೊರಗಿನ ಡಿಸ್ಕ್‌ಗೆ ಎಳೆದು ಹಾಕಿದರಾಯಿತು. ನಾಲ್ಕೈದು ಫೈಲ್ ಮಾತ್ರ ಬೇಕಿದ್ದರೆ ವಿಂಡೋಸ್ ಪೆನ್‌ಡ್ರೈವ್‌ನಲ್ಲೇ ಒಂದು ಉಪಾಯವಿದೆ. ಸೆಟಪ್ ಪರದೆಯಲ್ಲಿ ಶಿಫ್ಟ್ ಜೊತೆ ಎಫ್10 ಒತ್ತಿ. ಕಪ್ಪು ಕಿಟಕಿ ತೆರೆದಾಗ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ನೋಟ್‌ಪ್ಯಾಡ್‌ನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಅಲ್ಲೇ ರೈಟ್ ಕ್ಲಿಕ್ ಮಾಡಿ ಕಾಪಿ, ಪೇಸ್ಟ್ ಮಾಡಬಹುದು. ಎಷ್ಟು ಕಾಪಿ ಆಯಿತು ಎಂದು ತೋರಿಸುವುದಿಲ್ಲ, ತಾಳ್ಮೆ ಬೇಕು.

ಕಾಪಿ ಆದ ಮೇಲೆ ಆ ಡಿಸ್ಕ್ ಅನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿ ಇಡಿ. ಇನ್‌ಸ್ಟಾಲ್ ಮಾಡುವಾಗ ಅದು ಲ್ಯಾಪ್‌ಟಾಪ್‌ಗೆ ಚುಚ್ಚಿರಲೇಬಾರದು.

ಬಿಟ್‌ಲಾಕರ್ ಬೀಗ

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿರುತ್ತದೆ. ವಿಂಡೋಸ್‌ನ ಈ ಬೀಗವೇ ಬಿಟ್‌ಲಾಕರ್. ಬಯೋಸ್‌ನಲ್ಲಿ ಏನಾದರೂ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಉಬುಂಟುವಿನಿಂದ ಡೇಟಾ ತೆಗೆಯಲು ಹೋದರೂ ಆ ಕೀ ಬೇಕು. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಮೊಬೈಲ್‌ನಿಂದ ಲಾಗಿನ್ ಆಗಿ, ಬರೆದುಕೊಂಡು, ಆಮೇಲೆ ಕೆಲಸಕ್ಕೆ ಕೈ ಹಾಕಿ. ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಶುರು ಮಾಡಿ ಕೊಟ್ಟಿದ್ದರೆ ಆ ಇಮೇಲ್ ಯಾವುದು ಎಂದು ಈಗಲೇ ಪತ್ತೆ ಮಾಡಿ. ಕೀ ಇಲ್ಲದೆ ಆ ಡೇಟಾ ಯಾರೂ ತೆಗೆದುಕೊಡಲಾರರು.

ಪೆನ್‌ಡ್ರೈವ್ ತಯಾರಿ

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್‌ಡ್ರೈವ್ ಸಾಕು. ಮೈಕ್ರೋಸಾಫ್ಟ್‌ನ ವೆಬ್‌ಸೈಟ್‌ನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್ ಉಚಿತವಾಗಿ ಸಿಗುತ್ತದೆ. ಅದನ್ನು ನಡೆಸಿ, ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಆರಿಸಿದರೆ ಉಳಿದದ್ದು ಅದೇ ಮಾಡಿಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ. ಎಲ್ಲಿಂದಲೋ ಬಂದ “ಆಕ್ಟಿವೇಟ್ ಆಗಿರುವ” ವಿಂಡೋಸ್ ಕಾಪಿ ಬೇಡ. ಅದರೊಳಗೆ ಇನ್ನೇನು ಸೇರಿಸಿದ್ದಾರೋ ಯಾರು ಬಲ್ಲರು?

ಲೈಸೆನ್ಸ್ ಚಿಂತೆ ಬೇಡ. ವಿಂಡೋಸ್ ಜೊತೆ ಬಂದ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಎಡಿಷನ್ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದವರು ಆಸೆಗೆ ಪ್ರೊ ಹಾಕಿದರೆ ಆಗುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಅದು ಯಾವ ಮೈಕ್ರೋಸಾಫ್ಟ್ ಅಕೌಂಟ್‌ಗೆ ಸೇರಿದೆ ಎಂದು ನೋಡಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಹೊಸದಾಗಿ ಹಾಕುವುದಾದರೆ 11 ಹಾಕಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಹೆಚ್ಚೂ ಕಡಿಮೆ 8ನೇ ತಲೆಮಾರಿನಿಂದ ಮುಂದಿನ ಪ್ರೊಸೆಸರ್ ಇರಬೇಕು. 4 ಜಿಬಿ ಎಂಬುದು ಕಾಗದದ ಮೇಲಿನ ಮಾತು. 8 ಇಲ್ಲದೆ ಕೆಲಸ ಸಾಗುವುದು ಕಷ್ಟ.

ಬೂಟ್ ಮಾಡುವುದು

ಚಾರ್ಜರ್ ಹಾಕಿ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ಗೆ ಜೋಡಿಸಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಪಟಪಟನೆ ಒತ್ತುತ್ತಿರಿ. ಎಚ್‌ಪಿಯಲ್ಲಿ ಎಫ್9, ಡೆಲ್‌ನಲ್ಲಿ ಎಫ್12, ಲೆನೊವೊದಲ್ಲಿ ಎಫ್12 ಅಥವಾ ಪಕ್ಕದ ಸಣ್ಣ ನೊವೊ ಬಟನ್, ಅಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12ವೇ, ಆದರೆ ಮೊದಲು ಎಫ್2 ಒತ್ತಿ ಬಯೋಸ್‌ನಲ್ಲಿ ಅದನ್ನು ಆನ್ ಮಾಡಬೇಕಾಗಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ ಯುಇಎಫ್ಐ ಎಂದು ಬರೆದಿರುವುದನ್ನೇ ಆರಿಸಿ. ಇದನ್ನು ಕಡೆಗಣಿಸಿದರೆ ಮುಂದೆ ಎಂಬಿಆರ್-ಜಿಪಿಟಿ ಜಗಳ ಶುರುವಾಗುತ್ತದೆ. ಜಿಪಿಟಿ ಅಂದರೆ ಎಂಬಿಆರ್ ಜಾಗಕ್ಕೆ ಬಂದ ಹೊಸ ಪದ್ಧತಿ.

ಭಾಷೆ, ಕೀಬೋರ್ಡ್ ಕೇಳುತ್ತದೆ. ಮುಂದೆ ಹೋಗಿ. ಪ್ರಾಡಕ್ಟ್ ಕೀ ಕೇಳಿದರೆ ಕೀ ಇಲ್ಲ ಎನ್ನುವುದನ್ನು ಒತ್ತಿ. ಹಳೆಯ ಸೆಟಪ್ ಆದರೆ ಅಪ್‌ಗ್ರೇಡ್ ಬೇಡ, ಕಸ್ಟಮ್ ಆರಿಸಿ.

ಆ ಒಂದು ಪರದೆ

ಈಗ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಇಡೀ ಕೆಲಸದಲ್ಲಿ ನಿಧಾನ ಮಾಡಬೇಕಾದ ಜಾಗ ಇದೊಂದೇ. ಇಲ್ಲಿ ಸಿ, ಡಿ ಎಂದು ಬರೆದಿರುವುದಿಲ್ಲ. ಡಿಸ್ಕ್ 0 ಪಾರ್ಟಿಷನ್ 1, ಡಿಸ್ಕ್ 0 ಪಾರ್ಟಿಷನ್ 2 ಎಂದಷ್ಟೇ ಇರುತ್ತದೆ. ಆಗ ತೆಗೆದ ಫೋಟೊ ಈಗ ಹೊರಗೆ ತೆಗೆಯಿರಿ.

ಅಳತೆ ನೋಡಿ ಗುರುತು ಹಿಡಿಯಬೇಕು. ಕಂಪನಿಯವರ ಲೆಕ್ಕಕ್ಕೂ ವಿಂಡೋಸ್ ಲೆಕ್ಕಕ್ಕೂ ವ್ಯತ್ಯಾಸವಿದೆ. 256 ಜಿಬಿ ಇಲ್ಲಿ ಸುಮಾರು 238 ಎಂದು ಕಾಣುತ್ತದೆ. 512 ಇದ್ದದ್ದು 476, 1 ಟಿಬಿ ಇದ್ದದ್ದು 931. ಪೆನ್‌ಡ್ರೈವ್ ಕೂಡ ಪಟ್ಟಿಯಲ್ಲಿ ಕಾಣುತ್ತದೆ, ಗಾಬರಿ ಬೇಡ.

ಒಂದೊಂದು ಸಾಲೂ ಏನೆಂದು ತಿಳಿದಿರಲಿ. 100 ಅಥವಾ 260 ಎಂಬಿಯದ್ದು ಸಿಸ್ಟಮ್ ಎಂದಿದ್ದರೆ ಅದು ಇಎಫ್ಐ ಪಾರ್ಟಿಷನ್, ಲ್ಯಾಪ್‌ಟಾಪ್ ಬೂಟ್ ಆಗುವುದು ಅಲ್ಲಿಂದಲೇ. 16 ಎಂಬಿಯದ್ದು ಎಂಎಸ್‌ಆರ್, ವಿಂಡೋಸ್ ತನಗಾಗಿ ಇಟ್ಟುಕೊಂಡದ್ದು. ದೊಡ್ಡದಾಗಿ ಪ್ರೈಮರಿ ಎಂದಿರುವವು ನಿಮ್ಮ ಸಿ, ಡಿ. ಕೆಲವು ನೂರು ಎಂಬಿಯಿಂದ ಒಂದು ಜಿಬಿ ಆಸುಪಾಸಿನ ರಿಕವರಿ ಇರುತ್ತದೆ. ಕಂಪನಿಯವರು ಹತ್ತಾರು ಜಿಬಿಯ ಇನ್ನೊಂದು ರಿಕವರಿ ಇಟ್ಟಿದ್ದರೆ ಅದರಿಂದ ಲ್ಯಾಪ್‌ಟಾಪ್ ಕೊಂಡಾಗಿನ ಸ್ಥಿತಿಗೆ ಮರಳಬಹುದು. ಅದು ಅಳಿದರೆ ವಾಪಸ್ ಬರುವುದಿಲ್ಲ. ಆದರೆ ಪೆನ್‌ಡ್ರೈವ್‌ನಿಂದಲೇ ವಿಂಡೋಸ್ ಹಾಕುವವರಿಗೆ ಅದರ ಅಗತ್ಯ ಕಡಿಮೆ.

ಡೇಟಾ ಎಲ್ಲ ಹೊರಗೆ ಸುರಕ್ಷಿತವಾಗಿದೆ, ಲ್ಯಾಪ್‌ಟಾಪ್‌ನಲ್ಲಿ ಒಂದೇ ಡಿಸ್ಕ್ ಇದೆ ಎಂದಾದರೆ, ಆ ಡಿಸ್ಕ್‌ನ ಎಲ್ಲ ಪಾರ್ಟಿಷನ್‌ಗಳನ್ನೂ ಒಂದೊಂದಾಗಿ ಡಿಲೀಟ್ ಮಾಡಿ. ಕೊನೆಗೆ ಅನ್‌ಅಲೊಕೇಟೆಡ್ ಸ್ಪೇಸ್ ಎಂಬ ಒಂದೇ ಸಾಲು ಉಳಿಯಬೇಕು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಕ್ರಿಯೇಟ್ ಪಾರ್ಟಿಷನ್ ಒತ್ತಿ ಅಳತೆ ಕೊಡಲು ಹೋಗಬೇಡಿ. ಇಎಫ್ಐ ಎಷ್ಟಿರಬೇಕು, ರಿಕವರಿ ಎಲ್ಲಿರಬೇಕು ಎಂಬುದನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ.

ಎರಡು ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ, ಅಂದರೆ ಎಸ್‌ಎಸ್‌ಡಿ ಜೊತೆ 1 ಟಿಬಿ ಹಾರ್ಡ್ ಡಿಸ್ಕ್ ಇದ್ದಾಗ, ಇನ್ನೊಂದು ಎಚ್ಚರ. ವಿಂಡೋಸ್ ಎಸ್‌ಎಸ್‌ಡಿಗೆ ಹೋದರೂ ಬೂಟ್ ಫೈಲ್‌ಗಳು ಮಾತ್ರ ಹಾರ್ಡ್ ಡಿಸ್ಕ್‌ನ ಹಳೆಯ ಇಎಫ್ಐಗೆ ಹೋಗಿ ಕೂರುವುದುಂಟು. ಮುಂದೊಂದು ದಿನ ಹಾರ್ಡ್ ಡಿಸ್ಕ್ ತೆಗೆದರೆ ಲ್ಯಾಪ್‌ಟಾಪ್ ತೆರೆಯುವುದೇ ಇಲ್ಲ. ಅಂಗಡಿಯಲ್ಲಿ ಮಾಡಿಸುತ್ತಿದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ಹಾರ್ಡ್ ಡಿಸ್ಕ್ ಬಿಚ್ಚಿಡಲು ಹೇಳಿ. “ಅದೆಲ್ಲ ಬ್ಯಾಡ್ರಿ” ಅಂದರೂ ಪಟ್ಟು ಬಿಡಬೇಡಿ. ಡೇಟಾದ ಡಿಸ್ಕ್ ಕಣ್ಣಿಗೇ ಕಾಣದಿದ್ದರೆ ತಪ್ಪಿ ಅಳಿಸುವ ಭಯವೂ ಇಲ್ಲ, ಅಲ್ವಾ?

ಡಿ ಉಳಿಸಿಕೊಳ್ಳಲೇಬೇಕು ಎನ್ನುವವರು ಸಿ ಮಾತ್ರ ಡಿಲೀಟ್ ಮಾಡಿ, ಆ ಖಾಲಿ ಜಾಗದಲ್ಲೇ ವಿಂಡೋಸ್ ಹಾಕಬಹುದು. ಆದರೆ ಸಿ ಅಳತೆ ಹಳೆಯದೇ ಇರುತ್ತದೆ. ತೊಂದರೆ ಅಲ್ಲೇ ಉಳಿಯಿತಲ್ಲ!

ಇಲ್ಲಿ ತಡೆಯುವ ಎರರ್‌ಗಳು

ಡಿಸ್ಕ್ ಎಂಬಿಆರ್ ಇದೆ, ಜಿಪಿಟಿ ಬೇಕು ಎಂದು ಸೆಟಪ್ ನಿಂತರೆ, ಅಥವಾ ಡೈನಾಮಿಕ್ ಡಿಸ್ಕ್ ಎಂದು ತಕರಾರು ತೆಗೆದರೆ, ಡಿಸ್ಕ್ ಅನ್ನು ಬೇರುಸಹಿತ ಖಾಲಿ ಮಾಡಬೇಕು. ಬರೀ ಡಿಲೀಟ್ ಕೆಲವು ಸಲ ಸಾಲುವುದಿಲ್ಲ. ಶಿಫ್ಟ್ ಜೊತೆ ಎಫ್10 ಒತ್ತಿ. ಕೆಲವು ಕೀಬೋರ್ಡ್‌ಗಳಲ್ಲಿ ಎಫ್‌ಎನ್ ಕೂಡ ಹಿಡಿಯಬೇಕು. ಕಪ್ಪು ಕಿಟಕಿಯಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಒಂದೊಂದರ ನಂತರವೂ ಎಂಟರ್ ಒತ್ತಿ:

ಡಿಸ್ಕ್‌ಪಾರ್ಟ್ (diskpart)
ಲಿಸ್ಟ್ ಡಿಸ್ಕ್ (list disk)
ಸೆಲೆಕ್ಟ್ ಡಿಸ್ಕ್ 0 (select disk 0)
ಕ್ಲೀನ್ (clean)
ಕನ್ವರ್ಟ್ ಜಿಪಿಟಿ (convert gpt)
ಎಕ್ಸಿಟ್ (exit)

ಲಿಸ್ಟ್ ಡಿಸ್ಕ್ ಆದ ಮೇಲೆ ನಿಲ್ಲಿ. ಅಳತೆ ನೋಡಿ. ನಿಮ್ಮ ಎಸ್‌ಎಸ್‌ಡಿ 0 ಆಗಿರಲೇಬೇಕೆಂದಿಲ್ಲ, 1 ಇರಬಹುದು. ಸರಿಯಾದ ನಂಬರ್ ಕೊಡಿ. ಕ್ಲೀನ್ ಎಂದ ಮೇಲೆ “ಖಚಿತವೇ?” ಎಂದು ಅದು ಕೇಳುವುದಿಲ್ಲ. ಕ್ಷಣದಲ್ಲಿ ಆ ಡಿಸ್ಕ್‌ನ ಎಲ್ಲ ಪಾರ್ಟಿಷನ್ ಮಾಯ. ಕ್ಲೀನ್ ಆಲ್ ಎಂಬುದನ್ನು ಬಳಸಬೇಡಿ. ಅದು ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತಾ ಗಂಟೆಗಟ್ಟಲೆ ಕೂರುತ್ತದೆ, ಎಸ್‌ಎಸ್‌ಡಿಗೆ ಸುಮ್ನೆ ಸವೆತ. ಮುಗಿದ ಮೇಲೆ ಕಿಟಕಿ ಮುಚ್ಚಿ ರಿಫ್ರೆಶ್ ಒತ್ತಿ.

ಡೇಟಾ ಉಳಿಸಿಕೊಂಡೇ ಎಂಬಿಆರ್‌ನಿಂದ ಜಿಪಿಟಿಗೆ ಹೋಗಲು ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಲಕರಣೆ ಒಳಗೇ ಇದೆ. ವಿಂಡೋಸ್ ಚೆನ್ನಾಗಿ ನಡೆಯುತ್ತಿದ್ದು ಈ ಒಂದೇ ತೊಂದರೆ ಇದ್ದರೆ ಅದನ್ನು ನೋಡಬಹುದು. ಬ್ಯಾಕಪ್ ಅದಕ್ಕೂ ಬೇಕು.

ಇನ್ನೊಂದು ಎರರ್ ಜನರನ್ನು ಜಾಸ್ತಿ ಹೆದರಿಸುತ್ತದೆ: ಪಟ್ಟಿಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ. ಎಸ್‌ಎಸ್‌ಡಿ ಸತ್ತಿದೆ ಎಂದು ಹೊಸದು ಕೊಳ್ಳಲು ಓಡಬೇಡಿ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗಳನ್ನು ನಿಭಾಯಿಸುವ ವಿಎಂಡಿ ಎಂಬ ಇಂಟೆಲ್ ವ್ಯವಸ್ಥೆ ಆನ್ ಆಗಿರುತ್ತದೆ. ಅದರ ಡ್ರೈವರ್ ಸೆಟಪ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್ ಕಾಣುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್‌ಗೆ ಇರುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ಗೆ ಹಾಕಿ. ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿ. ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಕಾಣುತ್ತದೆ. ಪೂರ್ತಿ ಅಳಿಸಿ ಹಾಕುವವರಿಗೆ ಅದರಿಂದ ತೊಂದರೆಯಿಲ್ಲ. ಹಳೆಯ ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಅದಕ್ಕೆ ಕೈ ಹಾಕಬಾರದು, ಆ ವಿಂಡೋಸ್ ತೆರೆಯದೆ ಹೋಗಬಹುದು.

ಹಾಕಿದ ಮೇಲೆ

ಫೈಲ್ ಕಾಪಿ ಆಗಿ ಲ್ಯಾಪ್‌ಟಾಪ್ ರಿಸ್ಟಾರ್ಟ್ ಆದಾಗ ಪೆನ್‌ಡ್ರೈವ್ ಕಿತ್ತುಬಿಡಿ. ಇಲ್ಲದಿದ್ದರೆ ಸೆಟಪ್ ಮತ್ತೆ ಮೊದಲಿನಿಂದ ಬರಬಹುದು.

ವಿಂಡೋಸ್ 11 ಮೊದಲ ಸಲ ಶುರುವಾಗುವಾಗ ಇಂಟರ್ನೆಟ್ ಕೇಳುತ್ತದೆ. ವೈಫೈ ಡ್ರೈವರ್ ಇಲ್ಲದೆ ಅಲ್ಲೇ ಸಿಕ್ಕಿಕೊಂಡರೆ ಮೊಬೈಲ್ ಅನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಾಗಿನ್ ಆದ ಮೇಲೆ ವಿಂಡೋಸ್ ಅಪ್‌ಡೇಟ್ ಪೂರ್ತಿ ನಡೆಸಿ. ಬಹಳಷ್ಟು ಡ್ರೈವರ್ ಅದರಲ್ಲೇ ಬರುತ್ತವೆ. ಉಳಿದದ್ದಕ್ಕೆ ಕಂಪನಿಯ ಸಪೋರ್ಟ್ ಪುಟ ಸಾಕು. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಬೇಡ.

ಕನ್ನಡದವರಿಗೆ ಒಂದೆರಡು ಮಾತು. ತುಂಗಾ ಫಾಂಟ್ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದು ಹುಡುಕಿ ಹಾಕಿಕೊಳ್ಳಬೇಕು. ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳನ್ನು ಬ್ಯಾಕಪ್‌ನಿಂದ ಆರಿಸಿ, ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ಇಡೀ ಫಾಂಟ್ಸ್ ಫೋಲ್ಡರ್ ವಾಪಸ್ ಸುರಿಯಬೇಡಿ, ಬೇಕಾದದ್ದು ಮಾತ್ರ.

ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟ ಒಮ್ಮೆ ನೋಡಿ. ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ಹೊಸ ರಿಕವರಿ ಕೀ ಹುಟ್ಟಿರುತ್ತದೆ, ಅದನ್ನೂ ಬರೆದಿಡಿ. ಹಳೆಯದು ಇನ್ನು ಕೆಲಸಕ್ಕೆ ಬಾರದು.

ಆಮೇಲೆ ಡೇಟಾ ವಾಪಸ್ ಹಾಕಿಕೊಳ್ಳಿ. ಟ್ಯಾಲಿ ಇದ್ದವರು ಸಾಫ್ಟ್‌ವೇರ್ ಹಾಕಿ, ಲೈಸೆನ್ಸ್ ಆಕ್ಟಿವೇಟ್ ಮಾಡಿ, ಡೇಟಾ ಫೋಲ್ಡರ್ ತಂದಿಟ್ಟು, ಕಂಪನಿ ತೆರೆದು ಕೊನೆಯ ದಿನದ ಎಂಟ್ರಿಗಳು ಬಂದಿವೆಯಾ ನೋಡಿ. ಅದನ್ನು ನೋಡುವವರೆಗೆ ಹೊರಗಿನ ಡಿಸ್ಕ್‌ನಲ್ಲಿರುವ ಕಾಪಿ ಅಳಿಸಬೇಡಿ.

ಇಷ್ಟಾದ ಮೇಲೂ ಒಂದು ಡಿ ಇದ್ದರೇನೇ ಸಮಾಧಾನ ಎನ್ನುವವರು ಇದ್ದೇ ಇರುತ್ತಾರೆ. 512 ಜಿಬಿ ಅಥವಾ ಅದಕ್ಕಿಂತ ದೊಡ್ಡ ಎಸ್‌ಎಸ್‌ಡಿ ಇದ್ದರೆ ಮಾಡಿಕೊಳ್ಳಿ, ಅಡ್ಡಿಯಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿ, ಎಷ್ಟು ಕುಗ್ಗಿಸಬೇಕೆಂದು ಎಂಬಿಯಲ್ಲಿ ಕೊಡಿ. 200 ಜಿಬಿಗೆ 204800. ಬಂದ ಖಾಲಿ ಜಾಗದಲ್ಲಿ ನ್ಯೂ ಸಿಂಪಲ್ ವಾಲ್ಯೂಮ್ ಮಾಡಿ. ಸಿ ಗೆ 200ಕ್ಕಿಂತ ಕಡಿಮೆ ಮಾತ್ರ ಬಿಡಬೇಡಿ. ಇದನ್ನು ಸಿ ಇನ್ನೂ ಖಾಲಿ ಇರುವಾಗಲೇ ಮಾಡಬೇಕು. ತುಂಬಿದ ಮೇಲೆ ಪೇಜ್ ಫೈಲ್‌ನಂಥ ಅಲುಗಾಡದ ಫೈಲ್‌ಗಳು ನಡುವೆ ಕೂತು, ನೂರು ಜಿಬಿ ಖಾಲಿ ಇದ್ದರೂ ಐದೋ ಹತ್ತೋ ಜಿಬಿ ಮಾತ್ರ ಕುಗ್ಗುತ್ತದೆ.